‘ನರ್ಸ್ ಆಗ್ತೀನಮ್ಮ’ ಎಂದ ಮಗ

“ಅಮ್ಮ, ನಾನು ನರ್ಸಿಂಗ್‌ಗೆ ಸೇರ್ತೀನಿ.”

ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿಯುವ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ತಿರುಗಿ ನೋಡಿದೆ. ಹದಿನೆಂಟು ವರ್ಷದ ಮಗ, ಈಗಷ್ಟೇ ಮೀಸೆ ಚಿಗುರಿದ ಗಂಡುಹುಡುಗ, ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. “ಏನಂದೆ?” ಎಂದೆ. ಇನ್ನೊಂದು ಸಲ ಅದನ್ನೇ ಹೇಳಿದ. ಕರಿಬೇವು ನನ್ನ ಕೈಯಲ್ಲೇ ಉಳಿಯಿತು, ಒಗ್ಗರಣೆ ಸೀದುಹೋಯಿತು. ಅವತ್ತು ಮನೆಮಂದಿಯೆಲ್ಲ ಸೀದ ವಾಸನೆಯ ಸಾರನ್ನೇ ಉಂಡರು. ಯಾರೂ ತುಟಿಪಿಟಿಕ್ಕೆನ್ನಲಿಲ್ಲ.

ಓದುಗ ಸೋದರಿಯರೇ, ನಾಲ್ಕು ಜನ ಹೆಂಗಸರು ಸೇರಿದ ಕಡೆ ನಾವು ಆಡುವ ಮಾತು ನಿಮಗೆ ಗೊತ್ತೇ ಇದೆ. ‘ಈಗಿನ ಮಕ್ಕಳಿಗೆ ಹಿರಿಯರ ಸೇವೆ ಎಲ್ಲಿ ಬೇಕು? ಕೈಯಲ್ಲೊಂದು ಮೊಬೈಲು ಇದ್ದರೆ ಸಾಕು.’ ನಾನೂ ಎಷ್ಟೋ ಸಲ ಅಂದಿದ್ದೇನೆ. ಅಂಥ ನನಗೆ, ಆ ಸೇವೆಯನ್ನೇ ಕಲಿತು ಅದರಿಂದಲೇ ಅನ್ನ ತಿನ್ನುತ್ತೇನೆ ಎಂದು ಮಗ ಬಂದು ನಿಂತಾಗ ಸಂತೋಷವಾಗಬೇಕಿತ್ತು ತಾನೇ? ಆಗಲಿಲ್ಲ. ಹೊಟ್ಟೆಯಲ್ಲಿ ಸಂಕಟವಾಯಿತು. ಯಾಕೆ ಎಂದು ನನ್ನನ್ನು ನಾನೇ ಕೇಳಿಕೊಳ್ಳುವುದಕ್ಕೆ ಬಹಳ ದಿನ ಹಿಡಿಯಿತು.

ಈ ಕಥೆ ಶುರುವಾಗಿದ್ದು 2024ರ ದೀಪಾವಳಿಗೆ. ನಮ್ಮದು ತಿಪಟೂರು. ನಮ್ಮ ಮನೆಯವರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ನೀರು ತುಂಬುವ ಹಬ್ಬದ ದಿನ ನಮ್ಮತ್ತೆ ಹಂಡೆಗೆ ಹುಣಿಸೇಹಣ್ಣು ಹಾಕಿ ತಿಕ್ಕುತ್ತಾ ಕೂತಿದ್ದವರು ಕೈ ಸೋತು ಹಾಗೇ ಗೋಡೆಗೆ ಒರಗಿದರು. ಮಾತು ತೊದಲುತ್ತಿತ್ತು. ನಾನು ಪಿತ್ತ ಕೆರಳಿದೆ ಎಂದುಕೊಂಡು ನಿಂಬೆಹಣ್ಣಿನ ಪಾನಕ ಕುಡಿಸಲು ನೋಡಿದೆ, ಅದು ನೆತ್ತಿಗೆ ಹತ್ತಿತು. ಚಾಪೆ ಹಾಕಿ ಮಲಗಿಸಿದೆ. ‘ಮಲಗಿ ಎದ್ದರೆ ಸರಿಹೋಗತ್ತೆ’ ಎಂದೆ. ಟ್ಯೂಷನ್ ಮುಗಿಸಿ ಬಂದ ಮಗ ಅಜ್ಜಿಯ ಮುಖ ನೋಡಿದವನೇ “ಅಜ್ಜಿ, ನಗು ನೋಡೋಣ. ಎರಡೂ ಕೈ ಎತ್ತು ನೋಡೋಣ” ಎಂದ. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಬಲಗೈ ಮೇಲೇಳಲೇ ಇಲ್ಲ.

ತುಮಕೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ತಲೆಯ ಸ್ಕ್ಯಾನ್ ಮಾಡಿ ಅದನ್ನು ಕೊಡಬೇಕು. ನಮ್ಮದು ಆ ಹೊತ್ತು ಮೀರಿತ್ತು. ಅದರಲ್ಲಿ ಮೂರು ಗಂಟೆ ನನ್ನ ಚಾಪೆಯ ಮೇಲೆಯೇ ಕಳೆದಿತ್ತು. ಸೋದರಿಯರೇ, ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ: ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಪಾನಕ ಮಾಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಬೇರೆ ತಟ್ಟೆ, ಬೇರೆ ಲೋಟ

ಹನ್ನೆರಡು ದಿನದ ಮೇಲೆ ಅತ್ತೆಯನ್ನು ಮನೆಗೆ ಕರೆತಂದೆವು. ಬಲಭಾಗ ಪೂರ್ತಿ ಸೋತಿತ್ತು. ನನಗೋ ಸೊಂಟದ ನೋವು. ನಮ್ಮ ಮನೆಯವರು ಸಾಲ ಮಾಡಿ ಏಜೆನ್ಸಿಯಿಂದ ಒಬ್ಬಳು ‘ಹೋಂ ನರ್ಸ್’ ಹುಡುಗಿಯನ್ನು ಗೊತ್ತುಮಾಡಿದರು. ತಿಂಗಳಿಗೆ 24,000 ರೂಪಾಯಿ. ಅವಳ ಕೈಗೆ ಸೇರುತ್ತಿದ್ದುದು ಅದರಲ್ಲಿ 15,000 ಎಂದು ಆಮೇಲೆ ಗೊತ್ತಾಯಿತು. ಹಾವೇರಿ ಕಡೆಯವಳು, ಇಪ್ಪತ್ತನಾಲ್ಕು ವಯಸ್ಸು. ನರ್ಸಿಂಗ್ ಓದಿದವಳಲ್ಲ. ಹತ್ತನೇ ಕ್ಲಾಸಿನ ಮೇಲೆ ಕೆಲವು ತಿಂಗಳ ತರಬೇತಿ, ಉಳಿದದ್ದೆಲ್ಲ ಮಾಡಿ ಮಾಡಿ ಕಲಿತದ್ದು.

ಮೊದಲನೇ ದಿನವೇ ನನ್ನ ತಪ್ಪು ಹಿಡಿದಳು. ಅತ್ತೆಯನ್ನು ಕೂರಿಸಲು ನಾನು ಸೋತ ತೋಳು ಹಿಡಿದು ಎಳೆಯುತ್ತಿದ್ದೆ. “ಅಕ್ಕಾರ, ತೋಳ ಹಿಡದ ಎಳೀಬ್ಯಾಡ್ರಿ, ಭುಜಾ ಜಾರತೈತಿ” ಎಂದು ಒಂದು ಹಳೇ ಸೀರೆ ತರಿಸಿದಳು. ಅದನ್ನು ನಾಲ್ಕು ಮಡಿಕೆ ಮಾಡಿ ಅತ್ತೆಯ ಬೆನ್ನು, ಸೊಂಟದ ಅಡಿಗೆ ಹಾಸಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದರೆ ಎಂಥ ಭಾರದವರನ್ನೂ ಹೂವಿನ ಹಾಗೆ ಸರಿಸಬಹುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಹಿಮ್ಮಡಿ, ಸೊಂಟದ ಮೂಳೆ, ಬೆನ್ನಿನ ಬುಡ ಕೆಂಪಾಗಿದೆಯೇ ಎಂದು ದಿನಾ ನೋಡಬೇಕು. ಕೆಂಪಾದ ಜಾಗವನ್ನು ತಿಕ್ಕಬಾರದು. ರವಿಕೆ ತೊಡಿಸುವಾಗ ಸೋತ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ನೀರು ನೆತ್ತಿಗೆ ಹತ್ತುತ್ತಿದ್ದರೆ ರಾಗಿ ಅಂಬಲಿಯನ್ನು ಗಟ್ಟಿಯಾಗಿಯೇ ಕಾಯಿಸಿ, ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಮಾಡಿಸಿ, ಚಿಕ್ಕ ಚಮಚದಲ್ಲಿ ತಿನ್ನಿಸಬೇಕು. ತಿಂದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಇಪ್ಪತ್ತು ವರ್ಷ ಸಂಸಾರ ಮಾಡಿದ ನನಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಸೇವೆ ಎಂದರೆ ಮನಸ್ಸಿದ್ದರೆ ಸಾಕು ಎಂದುಕೊಂಡಿದ್ದೆ. ಬರೀ ಮನಸ್ಸಿನಿಂದ ನಾನು ಮಾಡಿದ್ದರೆ ಅತ್ತೆಯ ಭುಜ ಜಾರಿ, ಬೆನ್ನೆಲ್ಲ ಹುಣ್ಣಾಗಿರುತ್ತಿತ್ತು.

ಈಗ ಬರೆಯುವ ಮಾತಿಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಹುಡುಗಿಗೆ ನಾನು ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದೆ. ಊಟ ಹಿತ್ತಲ ಬಾಗಿಲ ಹತ್ತಿರ. ಯಾರ ಮನೆಯವಳೋ, ಏನೋ, ಮೇಲಾಗಿ ಹೇಲು ಉಚ್ಚೆ ಬಾಚುವ ಕೈ ಎಂದು ನನ್ನ ಮನಸ್ಸು. ಅದೇ ಕೆಲಸ ಅವಳ ರಜೆಯ ದಿನ ನಾನೂ ಮಾಡುತ್ತಿದ್ದೆ, ಅದೇ ಕೈಯಲ್ಲಿ ಅನ್ನ ಬಸಿಯುತ್ತಿದ್ದೆ. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆದದ್ದು ಮಗನಿಗೆ. ಒಂದು ರಾತ್ರಿ ಅವನು ತನ್ನ ತಟ್ಟೆ ಎತ್ತಿಕೊಂಡು ಹೋಗಿ ಹಿತ್ತಲ ಬಾಗಿಲಲ್ಲಿ ಅವಳ ಎದುರಿಗೆ ಕೂತು ಉಂಡ. ನನಗೆ ಒಂದು ಮಾತೂ ಹೇಳಲಿಲ್ಲ. ಮಾರನೇ ದಿನದಿಂದ ಅವಳೂ ನಮ್ಮ ಜೊತೆಗೇ ಕೂತಳು.

ಸಂಕ್ರಾಂತಿಗೆ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಮದುವೆ ಗೊತ್ತಾಗಿತ್ತಂತೆ. ಫೋನಿನಲ್ಲಿ ಮೆಲ್ಲಗೆ ಹೇಳಿದಳು: “ಅಕ್ಕಾರ, ಹುಡುಗನ ಮನಿಯವರಿಗೆ ನಾ ಬೆಂಗಳೂರಾಗ ಆಫೀಸಿನ್ಯಾಗ ಅದೀನಿ ಅಂತ ಹೇಳ್ಯಾರ. ನೀವು ಈ ನಂಬರಿಗೆ ಫೋನ್ ಮಾಡಬ್ಯಾಡ್ರಿ.” ಸುಮಾರು ಎರಡು ತಿಂಗಳು ನಮ್ಮತ್ತೆಯ ಮೈಮೇಲೆ ಒಂದು ಹುಣ್ಣು ಏಳದಂತೆ ನೋಡಿಕೊಂಡ ಹುಡುಗಿ, ತನ್ನ ಕೆಲಸವನ್ನು ಕಳವಿನ ಮಾಲಿನಂತೆ ಬಚ್ಚಿಡಬೇಕಾಯಿತು.

ಅವಳು ಹೋದ ಮೇಲೆ ರಾತ್ರಿ ಹತ್ತರಿಂದ ಎರಡರವರೆಗೆ ಅಜ್ಜಿಯ ಕೋಣೆಯಲ್ಲಿ ಓದುತ್ತಾ ಕೂರುವುದು ಮಗನ ಪಾಳಿಯಾಯಿತು. ಎದುರಿಗೆ ಪಿ.ಯು.ಸಿ. ಎರಡನೇ ವರ್ಷದ ಪರೀಕ್ಷೆ. ನಾನು ಬೇಡವೆಂದರೂ ಕೇಳಲಿಲ್ಲ. ಹನ್ನೆರಡಕ್ಕೊಮ್ಮೆ, ಎರಡಕ್ಕೊಮ್ಮೆ ಆ ಹುಡುಗಿ ಕಲಿಸಿದ ಹಾಗೆಯೇ ಅಜ್ಜಿಯ ಮಗ್ಗುಲು ಬದಲಾಯಿಸುತ್ತಿದ್ದ. ಎರಡನೆಯವರು ಬೇಕೆಂದಾಗ ನನ್ನನ್ನು ಎಬ್ಬಿಸುತ್ತಿದ್ದ. 71 ಪರ್ಸೆಂಟ್ ಬಂತು. ‘ಪಾಪ, ಅಜ್ಜಿ ದೆಸೆಯಿಂದ ಮಾರ್ಕ್ಸ್ ಹೋಯ್ತು’ ಎಂದರು ಎಲ್ಲರೂ. ಅವನು ಅನ್ನಲಿಲ್ಲ. ಅವನು ಅಂದದ್ದು, ನಾನು ಮೊದಲು ಬರೆದೆನಲ್ಲ, ಅದನ್ನು.

ನಮ್ಮ ಯಜಮಾನರ ಅಕ್ಕ ಅರಸೀಕೆರೆಯಿಂದ ಓಡಿಬಂದರು. “ಗಂಡ್ಹುಡುಗ ಕಣೇ! ಬೆಡ್‌ಪ್ಯಾನ್ ಎತ್ತೋಕೆ ನಾಲ್ಕು ವರ್ಷ ಓದ್ಬೇಕಾ? ನಾಳೆ ಇವನಿಗೆ ಹೆಣ್ಣು ಕೊಡೋರ್ಯಾರು?” ಒಳಗೆ ಮಲಗಿದ್ದ ಅವರ ತಾಯಿಯ ಬೆಡ್‌ಪ್ಯಾನ್ ಎತ್ತಿದವರು ಯಾರು ಎಂದು ಅವರನ್ನು ಕೇಳಬೇಕಿತ್ತು. ಕೇಳಲಿಲ್ಲ, ಏಕೆಂದರೆ ನನ್ನ ಮನಸ್ಸಿನಲ್ಲಿದ್ದ ಮಾತನ್ನೇ ಅವರು ಬಾಯಿಬಿಟ್ಟು ಆಡಿದ್ದರು.

ಹಪ್ಪಳದ ಮಣೆಯ ಸುತ್ತ

ಬೇಸಿಗೆಯಲ್ಲಿ ನಮ್ಮ ಬೀದಿಯ ಹುಡುಗ ಹುಡುಗಿಯರು ಹಪ್ಪಳ ಒತ್ತಲು ನಮ್ಮ ಮನೆಗೆ ಬರುತ್ತಾರೆ. ಹುಡುಗಿಯರು ಒತ್ತುತ್ತಾರೆ, ಹುಡುಗರು ಮಹಡಿಯ ಮೇಲೆ ಕಾಗೆ ಕಾಯುವ ನೆವದಲ್ಲಿ ಹಿಟ್ಟು ತಿನ್ನುತ್ತಾರೆ. ಆ ವರ್ಷ ಎಂಟೊಂಬತ್ತು ಜನ ಸೇರಿದ್ದರು. ಮಗನ ವಿಷಯ ಹೇಳದೆ ಸುಮ್ಮನೆ ಕೇಳಿದೆ: ನಿಮ್ಮಲ್ಲಿ ಯಾರಾದರೂ ರೋಗಿಗಳನ್ನು, ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗ್ತೀರಾ?

ಒಬ್ಬ ಹುಡುಗ ಎರಡೂ ಕೈ ಮುಗಿದ. “ನನ್ನ ಕೈಲಾಗಲ್ಲ ಆಂಟಿ. ಯಾರಾದ್ರೂ ವಾಂತಿ ಮಾಡಿದ್ರೆ ನಂಗೂ ವಾಂತಿ ಬರುತ್ತೆ.” ಪ್ರಾಮಾಣಿಕ ಹುಡುಗ! ಇನ್ನೊಬ್ಬನಿಗೆ 108ರಲ್ಲಿ ಕೆಲಸ ಮಾಡುವ ಆಸೆ. 2008ರಲ್ಲಿ ಆ ಆಂಬುಲೆನ್ಸ್ ಸೇವೆ ನಮ್ಮ ರಾಜ್ಯಕ್ಕೆ ಬಂದಾಗ ಅವನು ಕೈಗೂಸು. ಆದರೆ ಅವನಿಗೆ ಬೇಕಾಗಿದ್ದುದು ಡ್ರೈವರ್ ಸೀಟೋ ಹಿಂದಿನ ರೋಗಿಯ ಹತ್ತಿರದ ಸೀಟೋ, ನನಗೆ ಸರಿಯಾಗಿ ತಿಳಿಯಲಿಲ್ಲ.

ಹಾಸನದಲ್ಲಿ ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದ ಎದುರುಮನೆಯ ಹುಡುಗಿ ಲಟ್ಟಣಿಗೆ ಕೆಳಗಿಟ್ಟು ಮಾತಾಡಿದಳು. “ಕೆಲಸ ಇಷ್ಟ ಆಂಟಿ. ಒಬ್ಬರಿಗೆ ನೋವು ಕಡಿಮೆಯಾಗಿ ನಿದ್ದೆ ಬಂದಿದ್ದನ್ನ ನೋಡೋದು ಬೇರೆ ಯಾವ ಕೆಲಸದಲ್ಲೂ ಸಿಗಲ್ಲ. ಆದ್ರೆ ಪಾಸಾದ ಸೀನಿಯರ್‌ಗಳು ಖಾಸಗಿ ಆಸ್ಪತ್ರೇಲಿ ತಗೊಳ್ಳೋ ಮೊದಲನೇ ಸಂಬಳ ಹೇಳೋಕೆ ನಂಗೇ ನಾಚಿಕೆ. ನಮ್ಮೂರ ಮೊಬೈಲ್ ಅಂಗಡಿ ಹುಡುಗನೇ ವಾಸಿ. ನೈಟ್ ಡ್ಯೂಟಿ ಬೇರೆ. ರೋಗಿ ಕಡೆಯವರು ಡಾಕ್ಟರ್ ಹತ್ರ ಕೈ ಮುಗೀತಾರೆ, ಸಿಟ್ಟೆಲ್ಲ ನಮ್ಮ ಮೇಲೆ ತೀರಿಸ್ಕೋತಾರೆ.” ಅವಳು ಜರ್ಮನಿಗೆ ಹೋಗಬೇಕೆಂದು ಆಗಲೇ ಜರ್ಮನ್ ಭಾಷೆಯ ಪಾಠ ಶುರುಮಾಡಿದ್ದಳು. ಇಲ್ಲಿ ಕೊಡದ ಬೆಲೆಯನ್ನು ಅಲ್ಲಿಯಾದರೂ ಕೊಡುತ್ತಾರೆ ಎನ್ನುವ ಲೆಕ್ಕ. ಅಲ್ಲಿಯ ಮುದುಕರನ್ನು ನೋಡಲು ಇವಳು ಹೋದರೆ ಇಲ್ಲಿ ಇವಳ ಅಜ್ಜಿಯನ್ನು ನೋಡುವವರು ಯಾರು ಎಂದು ಕೇಳೋಣವೆಂದುಕೊಂಡೆ. ಆಮೇಲೆ, ಆ ಪ್ರಶ್ನೆಯನ್ನು ಅವಳೊಬ್ಬಳನ್ನೇ ಯಾಕೆ ಕೇಳಬೇಕು ಎನಿಸಿ ಸುಮ್ಮನಾದೆ.

ಮನಸ್ಸಿಗೆ ನಾಟಿದ ಮಾತು ಆಶಾ ಕಾರ್ಯಕರ್ತೆಯೊಬ್ಬರ ಮಗಳದು. 2005ರಲ್ಲಿ ಆಶಾ ಯೋಜನೆ ಶುರುವಾದಂದಿನಿಂದ ಅವರಿಗೆ ಕೊಡುವುದಕ್ಕೆ ಸಂಬಳವೆನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. “ಗೌರವವೂ ಇಲ್ಲ ಆಂಟಿ, ಧನವೂ ಇಲ್ಲ” ಎಂದಳು ಆ ಹುಡುಗಿ. 2025ರ ಜನವರಿ ಚಳಿಯಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಧರಣಿ ಕೂತಿದ್ದರಲ್ಲ, ಅವಳ ತಾಯಿಯೂ ಅಲ್ಲಿದ್ದರು. “ಅಮ್ಮ ಮಾಡೋದು ದೊಡ್ಡ ಕೆಲಸ ಅಂತ ನಂಗೆ ಗೊತ್ತು. ಅದಕ್ಕೇ ನಾನು ಆ ಕೆಲಸಕ್ಕೆ ಹೋಗಲ್ಲ.”

ಕೊನೆಗೆ ನಮ್ಮ ಪಕ್ಕದ ಮನೆಯ ಕಿರಿ ಹುಡುಗಿ, ಒಂಬತ್ತನೇ ಕ್ಲಾಸು, ನನ್ನನ್ನೇ ಕೇಳಿದಳು: “ಅಜ್ಜೀನ ಇಷ್ಟು ಚೆನ್ನಾಗಿ ನೋಡ್ಕೋತಿದೀರಲ್ಲ, ನಿಮಗೆ ಎಲ್ಲರೂ ಏನಂತಾರೆ ಆಂಟಿ?”

“ಪುಣ್ಯ ಬರುತ್ತೆ ಅಂತಾರೆ.”

“ಹಂಗಾದ್ರೆ ಅಂಕಲ್‌ಗೆ ಪುಣ್ಯ ಬೇಡ್ವಾ?”

ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ರಾತ್ರಿ ಮಲಗಿದ ಮೇಲೆ ನಗು ಬರಲಿಲ್ಲ.

ಕೇಂದ್ರ ಸರ್ಕಾರದವರು 2024ರಲ್ಲಿ, ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿಸಿದ್ದರು. 15ರಿಂದ 59 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 41 ಜನ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ, ಗಂಡಸರಲ್ಲಿ ಸುಮಾರು 21 ಜನ. ಹಾಗೆ ತೊಡಗಿದ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ 140 ನಿಮಿಷ, ಗಂಡಸರು 74. ಅಡಿಗೆ, ಮುಸುರೆ, ಬಟ್ಟೆಯ ಲೆಕ್ಕ ಇದರಲ್ಲಿ ಸೇರಿಲ್ಲ, ಅದು ಬೇರೆ. ನಮ್ಮ ಮನೆಯ ಲೆಕ್ಕ ನಾನೂ ಒಂದು ದಿನ ಗಡಿಯಾರ ನೋಡಿ ಬರೆದಿಟ್ಟೆ. ನನ್ನದು ಆರು ಗಂಟೆ ಮೀರಿತು. ಮಗನದು ನಾಲ್ಕು. ಯಜಮಾನರದು, ಆಫೀಸಿನಿಂದ ಬಂದು “ಅಮ್ಮ, ಹೇಗಿದೀಯ?” ಎಂದು ಕೇಳಿ ಔಷಧಿ ಚೀಟಿ ನೋಡಿದ್ದು, ಹತ್ತು ನಿಮಿಷ. ಒಳ್ಳೆಯವರೇ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ. ನಾನೂ ಹೇಳಿರಲಿಲ್ಲ.

2011ರ ಜನಗಣತಿಯ ಹೊತ್ತಿಗೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಮೇಲಿದ್ದರು. ಮನೆಗೆ ಒಂದೋ ಎರಡೋ ಮಕ್ಕಳು, ಅವರೂ ದೂರದೂರಿನಲ್ಲಿ. ನಾಳೆ ನಮ್ಮ ಮಗ್ಗುಲು ಬದಲಾಯಿಸುವ ಕೈ ಯಾರದೋ ಹೊರಗಿನವರದೇ ಆಗಿರುತ್ತದೆ. 2016ರಲ್ಲಿ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಮರೆವಿನ ಕಾಯಿಲೆಯ ತಂದೆಯಾಗಿ ಅನಂತ್ ನಾಗ್ ಅವರನ್ನು ನೋಡಿ ನಾವೆಲ್ಲ ಕಣ್ಣೊರೆಸಿಕೊಂಡೆವು. ಅಂಥ ತಂದೆಯನ್ನು ದಿನವಿಡೀ ನೋಡಿಕೊಳ್ಳುವ ಕೆಲಸಕ್ಕೆ ನಮ್ಮ ಮನೆಯ ಮಕ್ಕಳು ಹೋಗುತ್ತೇವೆಂದರೆ ಮಾತ್ರ ಮೂಗು ಮುರಿಯುತ್ತೇವೆ.

ಒಂದು ದಿನ ಮಗನೇ ಕೆಣಕಿದ. “ನಿಮ್ಮ ಕಾಲದಲ್ಲಿ ನೈಟಿಂಗೇಲ್ ಪಾಠ ಇತ್ತಂತಲ್ಲಮ್ಮ, ದೀಪ ಹಿಡಿದ ಮಹಿಳೆ. ಅವಳ ಅಮ್ಮನೂ ಬೇಡ ಅಂದಿದ್ದಳು, ಗೊತ್ತಾ?” ನಿಜವೇ. 1820ರ ಮೇ 12ರಂದು ಹುಟ್ಟಿದ ಆ ಶ್ರೀಮಂತರ ಮನೆಯ ಹುಡುಗಿ ಆಸ್ಪತ್ರೆ ಕೆಲಸಕ್ಕೆ ಹೋಗುತ್ತೇನೆಂದಾಗ ತಾಯಿ, ಅಕ್ಕ ಇಬ್ಬರೂ ರಂಪ ಮಾಡಿದ್ದರು. ಆದರೂ ಆಕೆ 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಬಳಿಗೆ ಹೋದರು, 1860ರಲ್ಲಿ ಲಂಡನ್ನಿನಲ್ಲಿ ದಾದಿಯರ ಶಾಲೆ ತೆರೆಸಿದರು. ಆಕೆ ಹುಟ್ಟಿ ಇನ್ನೂರು ವರ್ಷವಾಯಿತೆಂದು 2020ನೇ ಇಸವಿಯನ್ನು ವಿಶ್ವ ಆರೋಗ್ಯ ಸಂಸ್ಥೆ ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಸಾರಿತ್ತು. ಅದೇ ವರ್ಷ ಕೊರೊನಾ ಬಂತು. ಮಾರ್ಚ್ 22ರ ಸಂಜೆ ನಾವೆಲ್ಲ ಬಾಗಿಲಲ್ಲಿ ನಿಂತು ತಟ್ಟೆ ಬಾರಿಸಿದೆವು. ಆಮೇಲೆ ಎಷ್ಟೋ ಊರುಗಳಲ್ಲಿ ನರ್ಸುಗಳಿಗೆ ಬಾಡಿಗೆ ಮನೆ ಖಾಲಿ ಮಾಡಿ ಎಂದವರೂ ನಮ್ಮಂಥವರೇ.

ನಿಮ್ಮ ಮನೆಯಲ್ಲೂ ಇಂಥ ಮಗನೋ ಮಗಳೋ ಇದ್ದರೆ, ನಾನು ಓಡಾಡಿ ತಿಳಿದುಕೊಂಡ ನಾಲ್ಕು ವಿಷಯ ಹೇಳಿಬಿಡುತ್ತೇನೆ. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷ. ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು. ಸರ್ಕಾರಿ ಕೋಟಾದ ಸೀಟಿಗೆ ಸಿ.ಇ.ಟಿ. ಬರೆಯಬೇಕು. ಜಿ.ಎನ್.ಎಂ. ಮೂರು ವರ್ಷ, ಅದಕ್ಕೆ ಕಲಾ ವಿಭಾಗದವರೂ ಸೇರಬಹುದು. ಎ.ಎನ್.ಎಂ. ಎರಡು ವರ್ಷ, ಅದು ಹುಡುಗಿಯರಿಗೆ ಮಾತ್ರ. ಕೊನೆಗೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದರೇನೇ ನರ್ಸ್ ಎನ್ನಿಸಿಕೊಳ್ಳುವುದು. ಆದ್ದರಿಂದ ಫೀಸು ಕಟ್ಟುವ ಮೊದಲು ಕಾಲೇಜಿಗೆ ಕೌನ್ಸಿಲ್ಲಿನ ಮಾನ್ಯತೆ ಇದೆಯೇ, ಮಕ್ಕಳನ್ನು ಕಲಿಯಲು ಕಳಿಸುವ ಆಸ್ಪತ್ರೆ ಯಾವುದು ಎಂದು ಕೇಳಿ. ಕಣ್ಣಾರೆ ನೋಡಿ ಬನ್ನಿ. ನಾವು ಹೋದ ಒಂದು ಕಾಲೇಜಿನಲ್ಲಿ ಕಟ್ಟಡ ಹೊಸದಾಗಿ ಥಳಥಳ ಅನ್ನುತ್ತಿತ್ತು, ಆಸ್ಪತ್ರೆಯ ಹೆಸರು ಕೇಳಿದರೆ ಮಾತು ಹಾರಿಸಿದರು. ಎದ್ದುಬಂದೆವು. ಗಂಡುಹುಡುಗರು ಇರುತ್ತಾರೋ ಎಂಬ ನನ್ನ ಅಳುಕು ಮಾತ್ರ ಮೊದಲನೇ ಕಾಲೇಜಿನ ಗೇಟಿನಲ್ಲೇ ಹೋಯಿತು. ಬಿಳಿ ಕೋಟು ಹಾಕಿದ ಹುಡುಗರು ಗುಂಪುಗುಂಪಾಗಿ ನಿಂತಿದ್ದರು.

ಮಗನಿಗೆ ಸೀಟು ಸಿಕ್ಕಿತು. ಹೊರಡುವ ಹಿಂದಿನ ದಿನ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಜ್ಜಿಯ ಮಗ್ಗುಲು ಬದಲಾಯಿಸುವ ಹೊತ್ತು, ಮಾತ್ರೆಯ ಹೊತ್ತು, ಕೈಕಾಲಿಗೆ ವ್ಯಾಯಾಮ ಮಾಡಿಸುವ ಹೊತ್ತು ಎಲ್ಲ ಬರೆದು ಗೋಡೆಗೆ ಅಂಟಿಸಿದ. ನಾನು ಅಭ್ಯಾಸಬಲದಿಂದ ಹತ್ತನೇ ಕ್ಲಾಸಿನ ಮಗಳಿಗೆ ಹೇಳಿದೆ: “ನಾಳೆಯಿಂದ ರಾತ್ರಿ ಹತ್ತರಿಂದ ಎರಡು ನಿನ್ನ ಪಾಲು ಕಣೇ.”

ಅವಳು ಪುಸ್ತಕದಿಂದ ತಲೆಯೆತ್ತದೆ ಕೇಳಿದಳು: “ಅಪ್ಪ ಆ ಹೊತ್ತಿಗೆ ಏನ್ ಮಾಡ್ತಿರ್ತಾರಮ್ಮ?”

ಯಜಮಾನರು ಪೇಪರ್ ಮಡಿಸಿ ಕ್ಯಾಲೆಂಡರಿನ ಮುಂದೆ ಹೋಗಿ ನಿಂತು, ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲು ಓದಿದರು. ಮಗ ಅವರನ್ನು ಅಜ್ಜಿಯ ಕೋಣೆಗೆ ಕರೆದುಕೊಂಡು ಹೋಗಿ ಸೀರೆ ಹಿಡಿಯುವುದನ್ನು ತೋರಿಸಿಕೊಟ್ಟ. ಮಾರನೇ ರಾತ್ರಿ ಹನ್ನೆರಡಕ್ಕೆ ಅವರು ನನ್ನನ್ನು ಎಬ್ಬಿಸಿದರು. ಇಬ್ಬರೂ ಸೇರಿ ಅತ್ತೆಯನ್ನು ಎಡಮಗ್ಗುಲಿಗೆ ಹೊರಳಿಸಿದೆವು. ಸೋತ ಕೈಯ ಕೆಳಗೆ ದಿಂಬು ಇಡುವುದನ್ನು ಅವರು ಮರೆತರು. ಅತ್ತೆ ಅರ್ಧ ಬಂದ ನಾಲಿಗೆಯಲ್ಲೇ ಮಗನನ್ನು ಗದರಿದರು: “ದಿಂ... ದಿಂಬು ಕಣೋ, ದಡ್ಡ!”

ಆಸ್ಪತ್ರೆಯಿಂದ ಬಂದ ಮೇಲೆ ಅವರ ಬಾಯಿಂದ ಅಷ್ಟು ಸ್ಪಷ್ಟವಾಗಿ ಬಂದ ಮಾತು ಅದೇ ಮೊದಲು. ಯಜಮಾನರು ದಿಂಬು ಹುಡುಕುತ್ತಾ ಇಡೀ ಮನೆ ದೀಪ ಹಾಕಿಬಿಟ್ಟರು.